ಹುಳದ ಮನೆಯ ಅರ್ಥಕೋಶ

ನಮ್ಮ ಸೋದರತ್ತೆಯ ಪ್ರಕಾರ ಮನುಷ್ಯನೆಂದರೆ ಸ್ವಲ್ಪ ದೊಡ್ಡದಾಗಿ ಬೆಳೆದ, ಗೂಡು ಕಟ್ಟಲು ಬಾರದ ರೇಷ್ಮೆಹುಳು! ಇಷ್ಟು ತಿಳಿದರೆ ವೈದ್ಯಶಾಸ್ತ್ರವೆಲ್ಲ ತಿಳಿದ ಹಾಗೆ ಎಂದು ಅವಳ ನಂಬಿಕೆ. ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದಿ ಬಂದ ನಾನು ಇದನ್ನು ಅಲ್ಲಗಳೆಯಲು ಹೋಗಿ ಸೋತವರಲ್ಲಿ ಒಬ್ಬ.

ಆಂಧ್ರದ ಗಡಿಯೊಳಗೆ, ಕನ್ನಡ ಮಾತಾಡುವ ರೊಳ್ಳದ ಹತ್ತಿರ ಅವಳ ಊರು. ಮಡಕಶಿರಾದ ಡಾಕ್ಟರು ತೆಲುಗಿನಲ್ಲಿ ಶುರು ಮಾಡಿ ಇಂಗ್ಲಿಷಿನಲ್ಲಿ ಮುಗಿಸಿದ್ದನ್ನು ಹೊತ್ತುಕೊಂಡು ಊರಿನವರು ಮೊದಲು ಬರುವುದು ರೇಷ್ಮೆ ಸಾಕುವ ಅವಳ ಹುಳದ ಮನೆಗೆ. ತಮ್ಮ ಮನೆಗೆ ಆಮೇಲೆ. ಒಳಗೆ ಅರೆಗತ್ತಲು. ಸಾವಿರಾರು ಹುಳ ಸೊಪ್ಪು ಮೇಯುವ ಸದ್ದು, ಎಲ್ಲೋ ದೂರದಲ್ಲಿ ಸೋನೆ ಹಿಡಿದಂತೆ. ಅದನ್ನು ಕೇಳುತ್ತ ಸುಮ್ಮನೆ ನಿಂತರೆ ನಮ್ಮ ಕಾಯಿಲೆ ಬೇರೆ ಯಾರದೋ ಅನ್ನಿಸುತ್ತದೆ. ಅತ್ತೆ ಸೊಪ್ಪು ಹರಡುತ್ತಲೇ ಅರ್ಥ ಹೇಳುತ್ತಾಳೆ. ಕೇಳಲು ಬಂದವರೂ ಹರಡಬೇಕು. ಅದೇ ಫೀಜು.

ಬಿಪಿ ಅಂದರೇನು? "ಒಳಗೆ ಬಿಸಿ ಜಾಸ್ತಿ ಆಗೈತೆ. ಕಿಟಕಿ ತೆಗಿಬೇಕು." ಇದನ್ನು ಕೇಳಿದ ಅಂಗಡಿಯವರೊಬ್ಬರು ಮನೆಯ ಕಿಟಕಿಗಳನ್ನೆಲ್ಲ ತೆರೆದು ಮಲಗಿದರು. ಪುಣ್ಯಕ್ಕೆ ಮಾತ್ರೆಯನ್ನೂ ನುಂಗಿದ್ದರು. ಬೆಳಗಾಗುವಷ್ಟರಲ್ಲಿ ಬಿಪಿ ಇಳಿದಿತ್ತು. ಕಿಟಕಿಯಿಂದ ಕೋತಿಗಳೂ ಇಳಿದು, ಮಾರಲಿಟ್ಟ ಬಾಳೆಗೊನೆಯನ್ನು ಮುಗಿಸಿದ್ದವು!

ಸೋಂಕು ಎಂದರೆ ಇನ್ನೊಬ್ಬರ ಕಾಲಲ್ಲಿ ಬರುವುದು. ಆದ್ದರಿಂದ ಹುಳದ ಮನೆಯ ಬಾಗಿಲಲ್ಲಿರುವಂತೆ ವಾಸದ ಮನೆಯ ಬಾಗಿಲಲ್ಲೂ ಸುಣ್ಣದ ಪುಡಿ. ಅತ್ತೆಯ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಅದನ್ನು ಆ ಮನೆತನದ ಶಾಸ್ತ್ರವೆಂದುಕೊಂಡು ಭಕ್ತಿಯಿಂದ ತುಳಿದು, ಕಣ್ಣಿಗೊತ್ತಿಕೊಂಡು ಒಳಗೆ ಬಂದರು. ಕಣ್ಣಿಗೆ ಒತ್ತಿಕೊಂಡಿದ್ದು ನಿಜವೆ? ನಾನು ಅಲ್ಲಿದ್ದೆನೆ, ಅಥವಾ ಕೇಳಿ ಕೇಳಿ ಇದ್ದಂತೆ ಆಯಿತೆ? ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮದುವೆಯಂತೂ ಆಯಿತು.

ಒಮ್ಮೆ ಕೆಣಕಲೆಂದೇ ಗುರುತ್ವಾಕರ್ಷಣೆಯ ಅರ್ಥ ಕೇಳಿದೆ. ಅತ್ತೆ ಸೊಪ್ಪು ಹಿಡಿದ ಕೈ ನಿಲ್ಲಿಸಿ, ಮಾಡಿನ ಸಂದಿಯಿಂದ ಇಳಿದ ಬಿಸಿಲಕೋಲಿನಲ್ಲಿ ತೇಲುವ ಧೂಳನ್ನು ನೋಡುತ್ತ ನಿಂತಳು.

"ಭೂಮ್ತಾಯಿ ಎಲ್ಲಾರ್ನೂ ತೊಡೆ ಮ್ಯಾಲೆ ಕೂರಿಸ್ಕಂಡವ್ಳೆ ಕಣಪ್ಪ. ಎದ್ದೋದ್ರೆ ಸೆರಗು ಹಿಡ್ದು ಎಳ್ಕತಾಳೆ."

ಅಂಗಳದಲ್ಲಿ ಸೊಪ್ಪು ಕತ್ತರಿಸುತ್ತಿದ್ದ ಮಾವ ತಲೆಯೆತ್ತದೆ ಹೇಳಿದರು: "ಇವ್ಳಿಗೆ ಬರ್ದೇ ಇರಾ ಇದ್ಯೆ ಒಂದೇಯ. ಬಾಯಿ ಮುಚ್ಕಳದು."

ಆ ಮಾವ ಈ ವರ್ಷ ಸೊಪ್ಪಿನ ತೋಟದಲ್ಲೇ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ಹಿಂದೂಪುರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮಾರನೆಯ ದಿನವಾದರೂ ಕಣ್ಣು ಬಿಡಲಿಲ್ಲ. ಪ್ರಜ್ಞೆ ಬಂದರೆ ಮಾತ್ರ ಭರವಸೆ ಕೊಡಬಹುದು ಎಂದು ಡಾಕ್ಟರು ತೆಲುಗಿನಲ್ಲಿ ಹೇಳಿ ಹೋದರು. ಪ್ರಜ್ಞೆ ಎಂದರೇನೆಂದು ನಾನು ಓದಿದ್ದನ್ನೆಲ್ಲ ಜೋಡಿಸಿಕೊಳ್ಳುತ್ತಿದ್ದೆ. ಅತ್ತೆ ಕಾಯಲಿಲ್ಲ.

"ಕರುದ್ರೆ ಓ ಅನ್ನೋದು. ಅಷ್ಟೇ ತಾನೆ?"

ಅಷ್ಟೇ ಎಂದೆ.

ನಮ್ಮನ್ನು ಐದು ನಿಮಿಷ ಒಳಗೆ ಬಿಟ್ಟರು. ಬಿಳಿ ಬೆಳಕು, ಯಂತ್ರಗಳ ಮೆಲ್ಲನೆಯ ಸದ್ದು. ಎಲ್ಲ ನೀರಿನಡಿಯಲ್ಲಿ ನಡೆಯುತ್ತಿದ್ದಂತಿತ್ತು. ಅತ್ತೆ "ಏನ್ರೀ" ಎಂದಳು. "ಇಲ್ನೋಡ್ರಿ" ಎಂದಳು. ನಾನು ಮಾವಾ ಎಂದು ಕೂಗಿದೆ. ಏನೂ ಇಲ್ಲ. ಹೆಸರು ಹಿಡಿದು ಕರೆಯಮ್ಮ, ಕೆಲವರಿಗೆ ಅದು ಮುಟ್ಟುತ್ತದೆ ಎಂದರು ನರ್ಸಮ್ಮ.

ಅತ್ತೆ ಮಂಚದಿಂದ ಒಂದು ಹೆಜ್ಜೆ ಹಿಂದೆ ಸರಿದಳು. ನಮ್ಮ ಕಡೆಯ ಹಿರಿಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂಬ ನಂಬಿಕೆ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವಳ ಕೈಲಿ ಹೇಳಿಸುವವಳು ಇವಳು. ಲೋಕದ ಶಬ್ದಗಳಿಗೆಲ್ಲ ಅರ್ಥ ಹಂಚಿದ ಬಾಯಿಗೆ, ಮದುವೆಯಾದಂದಿನಿಂದ ಆ ಒಂದು ಶಬ್ದ ಬಂದಿರಲಿಲ್ಲ. ಕರೆದರೆ ಆಯಸ್ಸು ಹೋಗುತ್ತದೆ. ಕರೆಯದಿದ್ದರೆ ಮನುಷ್ಯನೇ ಹೋಗುತ್ತಾನೆ.

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಆಯಸ್ಸು ಕಮ್ಮಿ ಆದ್ರೆ ನಂದ್ರಲ್ಲಿ ತಗಳ್ಳಿ," ಎಂದಳು, ನಮಗಲ್ಲ, ದೇವರಿಗೆ. ಬಗ್ಗಿ ಮಾವನ ಕಿವಿಯಲ್ಲಿ ಹೆಸರು ಹೇಳಿದಳು. ನನಗೆ ಕೇಳಿಸಿದ್ದು ಬರೀ ಉಸಿರು.

ಮಾವ ಕಣ್ಣು ತೆರೆಯಲಿಲ್ಲ. ಆದರೆ ಹುಬ್ಬು ಗಂಟಿಕ್ಕಿತು. ಇದೊಂದನ್ನು ನಾನು ಖಂಡಿತ ನೋಡಿದ್ದೇನೆ. ನರ್ಸಮ್ಮನೂ ನೋಡಿ ಡಾಕ್ಟರನ್ನು ಕರೆಯಲು ಓಡಿದರು.

ಅತ್ತೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ತುಟಿ ನಗುತ್ತಿತ್ತು.

"ಸಿಟ್ಟು ಬಂದೈತೆ ಕಣಪ್ಪ ಅವ್ರಿಗೆ. ತಡಿ, ಇನ್ನೊಂದ್ಸಲ ಕರೀತೀನಿ."