ನೂರನೇ ಪ್ಲಾಟ್‌ಫಾರ್ಮಿನ ಬಸ್ಸು

ವಸಡಿನ ಚಿಕಿತ್ಸೆಗೆ ರಜೆ ಹಾಕುವುದು ಹೇಡಿಗಳ ಲಕ್ಷಣ ಎಂದು ನಾನು ಘೋಷಿಸಿದೆ. ಘೋಷಣೆ ನನ್ನ ಕಸುಬೇ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆಂದು ಮೈಕಿನಲ್ಲಿ ಸಾರುವವನು ನಾನು. ನನ್ನ ಕಂಠವಿಲ್ಲದೆ ಅಲ್ಲಿ ಒಂದು ಚಕ್ರವೂ ಉರುಳದು ಎಂಬುದು ನನ್ನ ದೃಢ ನಂಬಿಕೆ.

"ಬೆಳಿಗ್ಗೆ ಕ್ಲಿನಿಕ್ಕು, ಮಧ್ಯಾಹ್ನ ಡ್ಯೂಟಿ," ಎಂದೆ.

"ಹಲ್ಲುಜ್ಜಿದ್ರೆ ಬ್ರಷ್ಷೆಲ್ಲ ರಕ್ತ. ಒಂದಿನ ತೆಪ್ಪಗೆ ಮನೇಲಿ ಬಿದ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದಳು ಹೆಂಡತಿ.

"ಹಲ್ಲು ಕೆರೆಸೋಕೆ ರಜೆ ಹಾಕಿದ್ರೆ, ನಾಳೆ ಕ್ಷೌರಕ್ಕೂ ಹಾಕ್ಬೇಕಾಗುತ್ತೆ."

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಸಣ್ಣ ಕಡ್ಡಿಯೊಂದನ್ನು ವಸಡಿನ ಸಂದಿಗೆ ಇಳಿಸುತ್ತ, "ನಾಲ್ಕು... ಆರು... ಏಳು..." ಎಂದು ನರ್ಸಿಗೆ ಒಪ್ಪಿಸತೊಡಗಿದರು. ಅಂಕ ಏರುವುದನ್ನು ಕೇಳಿ ನನಗೆ ಒಳಗೊಳಗೇ ಹಿಗ್ಗು.

"ಹತ್ತಕ್ಕಾ ಡಾಕ್ಟ್ರೇ?"

"ಮಾರ್ಕ್ಸ್ ಅಲ್ಲ ಇದು, ಆಳ. ವಸಡು ಹಲ್ಲನ್ನ ಬಿಟ್ಟು ಪಾಕೆಟ್ ಆಗಿದೆ. ಒಳಗೆಲ್ಲ ಗಾರೆ ಕಟ್ಕೊಂಡಿದೆ. ಬೇರಿನ ತನಕ ಕೆರೆದು ಡೀಪ್ ಕ್ಲೀನಿಂಗ್ ಮಾಡ್ಬೇಕು. ಇಲ್ದಿದ್ರೆ ಒಂದೊಂದೇ ಉದುರುತ್ತೆ."

ನನ್ನ ಅಂಗಿಗಿರುವುದು ಒಂದೇ ಪಾಕೆಟ್ಟು; ವಸಡಿಗೆ ಸಾಲುಸಾಲು! ಬಲಗಡೆ ಮೇಲೂ ಕೆಳಗೂ ಸೂಜಿ ಚುಚ್ಚಿ, ಹಳೇ ಬಾವಿಯ ಹೂಳೆತ್ತುವ ಹಾಗೆ ಕೆರೆದೇ ಕೆರೆದರು. ನೋವು ಎಳ್ಳಷ್ಟೂ ಇಲ್ಲ.

"ಮರಗಟ್ಟಿರೋದು ಬಿಡೋಕೆ ಸಾಯಂಕಾಲ ಆಗುತ್ತೆ. ಮಾತು ಕಮ್ಮಿ ಮಾಡಿ," ಎಂದರು.

ಬಾಯಿ ಮುಕ್ಕಳಿಸಿದ ಔಷಧಿಯ ಜೊತೆ ಆ ಸಲಹೆಯನ್ನೂ ಉಗಿದು, ಮಾತ್ರೆಯ ಪೊಟ್ಟಣವನ್ನು ಅಲ್ಲೇ ಮರೆತು, ನೆಟ್ಟಗೆ ಡ್ಯೂಟಿಗೆ ನಡೆದೆ. ಗತ್ತಿನಿಂದ ಮೈಕಿನ ಗುಂಡಿ ಒತ್ತಿದೆ.

"ಎಕ್ಸ್‌ತ್ರೆಸ್ ದಸ್ಸು ನೂರನೇ ತ್ಲಾಟ್‌ಹಾರ್ನಿನಿಂದ ಹೊರಡಲಿದೆ."

'ಮೂರು' ಎನ್ನಬೇಕಾದರೆ ತುಟಿಗೆ ತುಟಿ ಕೂಡಬೇಕು. ನನ್ನ ತುಟಿ ಎಲ್ಲಿದೆಯೆಂದು ನನಗೇ ಪತ್ತೆಯಿಲ್ಲ. ಇಡೀ ನಿಲ್ದಾಣದಲ್ಲಿರುವುದೇ ಆರು ಪ್ಲಾಟ್‌ಫಾರ್ಮು. ಜನ ಮಕ್ಕಳುಮರಿ, ಪೆಟ್ಟಿಗೆಗಳ ಸಮೇತ ನೂರನೆಯದನ್ನು ಹುಡುಕುತ್ತ ರಸ್ತೆಯವರೆಗೂ ಹೊರಟುಬಿಟ್ಟರು. ತಿದ್ದಲೇಬೇಕಲ್ಲ! ಗಂಟಲು ಹರಿಯುವಂತೆ ಸಾರಿದೆ:

"ನೂರಲ್ಲ, ನೂರು!"

ನಿಲ್ದಾಣದ ಮೇಲ್ವಿಚಾರಕರು ಬಾಗಿಲು ದಬ್ಬಿಕೊಂಡು ಬಂದರು. "ಏನ್ರೀ ಇದು? ಕುಡಿದು ಬಂದಿದ್ದೀರಾ?"

"ಹಸಡು ಸಾರ್, ಹಸಡು," ಎಂದೆ. ಆ 'ವಸಡು' ಅವರನ್ನು ಮುಟ್ಟಲಿಲ್ಲ. ಗಲ್ಲದಿಂದಿಳಿದ ಜೊಲ್ಲು ಮಾತ್ರ ಅವರ ಕೈಮೇಲೆ ಬಿತ್ತು.

"ಬಾಯಿಂದ ಔಷಧಿ ವಾಸನೆ ಬೇರೆ. ಇವತ್ತೇ ಸಸ್ಪೆಂಡ್ ಮಾಡ್ತೀನಿ."

ಅಷ್ಟರಲ್ಲಿ ಹೆಂಡತಿ ಬಂದಳು. ಕ್ಲಿನಿಕ್ಕಿನವರು ಫೋನ್ ಮಾಡಿದ್ದರಂತೆ. ಮಾತ್ರೆಯ ಪೊಟ್ಟಣ ಅವಳ ಕೈಯಲ್ಲಿತ್ತು.

"ಕುಡಿದಿಲ್ಲ ಸಾರ್. ಹಲ್ಲಿನ ಡಾಕ್ಟ್ರು ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದ್ದಾರೆ. ಬಾಯಿ ಮಾತ್ರ. ಬುದ್ಧಿ ಮೊದಲಿಂದಾನೂ ಹಾಗೇ."

ಹೊರಗೆ ಖಾಲಿ ಬಸ್ಸಿನ ಡ್ರೈವರು ಒಂದೇ ಸಮನೆ ಹಾರನ್ ಬಾರಿಸುತ್ತಿದ್ದ. ಅವಳು ನನ್ನನ್ನು ಕುರ್ಚಿಯ ಸಮೇತ ಪಕ್ಕಕ್ಕೆ ಸರಿಸಿ, ಮೈಕಿಗೆ ಬಾಗಿದಳು.

"ಎಕ್ಸ್‌ಪ್ರೆಸ್ ಬಸ್ಸು ಮೂರನೇ ಪ್ಲಾಟ್‌ಫಾರ್ಮಲ್ಲಿದೆ. ಓಡ್ಬೇಡಿ, ಎಲ್ಲರೂ ಹತ್ತೋ ತನಕ ನಿಂತಿರುತ್ತೆ."

ರಸ್ತೆಯಲ್ಲಿದ್ದ ಜನವೆಲ್ಲ ಹೇಳಿದ ಮಾತು ಕೇಳುವ ಮಕ್ಕಳಂತೆ ಹಿಂತಿರುಗಿ ಬಂದು ಹತ್ತಿದರು. ಬಸ್ಸು ಹೊರಟಿತು. ಮೇಲ್ವಿಚಾರಕರು ಕೈ ಒರೆಸಿಕೊಂಡು ತಣ್ಣಗಾದರು. ಬಡಜೀವ ಉಳಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ, ದಿನಾ ಓಡಾಡುವ ಅಜ್ಜನೊಬ್ಬ ಕಿಟಕಿಗೆ ಮುಖವಿಟ್ಟ.

"ಹೊಸಬರಾ ತಾಯಿ? ಎಷ್ಟು ಸ್ಪಷ್ಟವಾಗಿ ಹೇಳಿದ್ರಿ. ಮುಂಚೆ ಹೇಳ್ತಿದ್ದ ಪುಣ್ಯಾತ್ಮನ ಬಾಯಿಗೆ ಏನೋ ಆಗಿದೆ, ಪಾಪ."

"ಹೌದು ಅಜ್ಜ, ಇವತ್ತು ಬೆಳಿಗ್ಗೆ ಇಂಜೆಕ್ಷನ್ ಕೊಟ್ರು."

"ಇವತ್ತಿಂದಲ್ಲಮ್ಮ," ಎಂದ ಅಜ್ಜ. "ನಾನು ಹತ್ತು ವರ್ಷದಿಂದ ಕೇಳ್ತಿದ್ದೀನಿ."