ಮಹಬೂಲಾದ ಹಿಮದ ಹಲಗೆಗಳು

ಕುವೈತಿನಲ್ಲಿ ಹಿಮದ ವಿಷಯವಾಗಿ ನನ್ನ ಸೋದರಮಾವನಷ್ಟು ಅಧಿಕಾರದಿಂದ ಮಾತಾಡುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಹಾಗೆಂದು ಅವರು ಹಿಮ ಕಂಡವರೆಂದು ತಿಳಿಯಬೇಡಿ. ಅವರು ಕಂಡ ಹಿಮವೆಲ್ಲ ಮಹಬೂಲಾದ ಅವರ ಕೋಣೆಯ ಫ್ರಿಜ್ಜಿನ ಮೇಲಿನ ಖಾನೆಯದು. ಅದನ್ನೂ ಆಗಾಗ ಚಮಚದಿಂದ ಕೆರೆದು, ಅಂಟಿಕೊಂಡ ಬಂಗುಡೆಯನ್ನು ಬಿಡಿಸುತ್ತಾರೆ. ಆದರೂ ಕೇಳಿ ನೋಡಿ: ಆಳವಾದ ಪುಡಿಹಿಮಕ್ಕೆ ಕಾಲಿಗೆ ಕಟ್ಟಿ ಜಾರುವ ಸ್ಕೀ ಹಲಗೆ ಎಷ್ಟು ಅಗಲ ಬೇಕು, ಕಡಿದಾದ ಇಳಿಜಾರಿನಲ್ಲಿ ಅದರ ಅಂಚು ಹೇಗೆ ಕಚ್ಚಬೇಕು, ಮೂತಿ ಎಷ್ಟು ಮೇಲೆದ್ದಿರಬೇಕು? ನೀವು ಚಹಾಕ್ಕೆಂದು ಹೋದವರಾದರೆ ಆ ಚಹಾ ಆರಿದ ಮೇಲೆಯೇ ನಿಮ್ಮ ಬಾಯಿಗೆ ಬರುತ್ತದೆ.

ನನ್ನ ಕಥೆಯನ್ನೂ ಹೇಳಬೇಕಲ್ಲ. ನಾನು ಫಹಾಹೀಲಿನ ಒಂದು ಕಾರ್ಗೋ ಆಫೀಸಿನಲ್ಲಿ ಗುಮಾಸ್ತ. ಅದು ಹೊಟ್ಟೆಪಾಡು. ನಿಜವಾದ ಕಸುಬು ಬೇರೆಯವರ ಸ್ವರ ಕದಿಯುವುದು. ಊರಿನವರ ಹುಟ್ಟುಹಬ್ಬವಿರಲಿ, ಸಂಘದ ವಾರ್ಷಿಕೋತ್ಸವವಿರಲಿ, ಕರೆದರೂ ಕರೆಯದಿದ್ದರೂ ಹೋಗಿ, ಊಟದ ಸಾಲಿನಲ್ಲಿ ನಿಂತವರನ್ನೆಲ್ಲ ಒಬ್ಬೊಬ್ಬರಾಗಿ ಅಣಕಿಸಿ, ಎಲ್ಲರಿಗಿಂತ ಮೊದಲು ಊಟ ಗಿಟ್ಟಿಸಿಕೊಳ್ಳುತ್ತೇನೆ. ನನ್ನ ಸ್ವಂತ ಸ್ವರ ಯಾವುದೆಂದು ಕೇಳಿದರೆ ಫೋನಿನಲ್ಲಿ ನನ್ನ ಅಮ್ಮನೂ ಒಂದು ಕ್ಷಣ ಅನುಮಾನಿಸುತ್ತಾಳೆ. ‘ಯಾರು ಮಾತಾಡುದು?’ ಎಂದು ಹೆತ್ತ ತಾಯಿಯಿಂದ ಕೇಳಿಸಿಕೊಳ್ಳುವ ಭಾಗ್ಯ ಎಷ್ಟು ಮಕ್ಕಳಿಗಿದೆ?

ಆ ವರ್ಷ ನನ್ನ ಹತ್ತಿರ ಅತಿ ಹೆಚ್ಚು ಬೇಡಿಕೆಯಿದ್ದ ಐಟಂ ಎಂದರೆ ಮಾವನ ಹಲಗೆ ಪಾಠ. ಎಡಗೈಯನ್ನು ಇಳಿಜಾರಾಗಿ ಹಿಡಿಯಬೇಕು, ಅದು ಗುಡ್ಡ. ಬಲಗೈ ಅಂಗೈ ಅದರ ಮೇಲೆ ಜಾರಬೇಕು, ಅದು ಸ್ಕೀ. ಕುತ್ತಿಗೆ ಒಂದು ಕಡೆ ವಾಲಬೇಕು, ನಾಲಿಗೆ ಒಮ್ಮೆ ಲೊಚಗುಟ್ಟಬೇಕು. “ನೋಡು, ಕಿತ್ತಳೆ ಬಣ್ಣದ್ದು ಅಗಲ ಉಂಟು, ಮೆತ್ತಗೆ ಉಂಟು. ಆಳದ ಹಿಮದಲ್ಲಿ ಮುಳುಗುದಿಲ್ಲ, ದೋಣಿ ಹಾಗೆ ತೇಲ್ತದೆ. ಆದರೆ ಇಳಿಜಾರು ಗಟ್ಟಿಯಾಯ್ತಾ, ನಡುಗ್ತದೆ. ಕಪ್ಪುದು ಅಗಲ ಸ್ವಲ್ಪ ಕಮ್ಮಿ, ಒಳಗೆ ಲೋಹದ ತಗಡು ಉಂಟು. ಇಳಿಜಾರಲ್ಲಿ ಕಚ್ಚಿ ಹಿಡೀತದೆ. ಆದರೆ ಆಳ ಬಂದ್ರೆ ಮೂತಿ ಒಳಗೆ ಹೋಗ್ತದೆ, ಕಾಲು ಸೋಲ್ತದೆ. ಈಗ ಹೇಳು, ಆಳವೂ ಉಂಟು, ಇಳಿಜಾರೂ ಉಂಟು. ಯಾವುದು ತಗೊಳ್ತಿ?”

ಐವತ್ತೈದು ದಾಟಿದ ಒಬ್ಬ ಹೌಸ್ ಡ್ರೈವರ್, ಬನಿಯನ್-ಲುಂಗಿಯಲ್ಲಿ, ಹೊರಗೆ ಬೆಂಕಿಯಂಥ ಬಿಸಿಲು ಸುರಿಯುತ್ತಿರುವಾಗ ಹೀಗೆ ಕೇಳಿದರೆ ಜನ ನಗದೆ ಇರುತ್ತಾರೆಯೇ?

ಈ ಹಲಗೆಗಳು ಎಲ್ಲಿಂದ ಬಂದವು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇದು ನಗುವ ಭಾಗವಲ್ಲ.

ಮಾವ ಕೆಲಸ ಮಾಡುತ್ತಿದ್ದ ಕುವೈತಿ ಮನೆಯಲ್ಲಿ ಒಬ್ಬನೇ ಮಗ. ಹುಡುಗ ಬಾಲವಾಡಿಗೆ ಹೋಗುವಾಗಿನಿಂದ ಮಾವನದೇ ಕಾರು. ಅಪ್ಪ ವ್ಯಾಪಾರದವರು, ಯಾವಾಗಲೂ ಕಿವಿಗೆ ಫೋನು. ಹುಡುಗನ ಮಾತೆಲ್ಲ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಹರಿಯುತ್ತಿತ್ತು, ಅರ್ಧ ಅರಬಿ, ಕಾಲು ಇಂಗ್ಲಿಷ್, ಕಾಲು ಹಿಂದಿಯಲ್ಲಿ. ದೊಡ್ಡವನಾದ ಮೇಲೆ ಅವನಿಗೆ ಹಿಮದ ಹುಚ್ಚು ಹಿಡಿಯಿತು. ಚಳಿಗಾಲ ಬಂತೆಂದರೆ ಸ್ನೇಹಿತರ ಜೊತೆ ಹೊರದೇಶದ ಪರ್ವತಗಳಿಗೆ ಹೊರಟ. ಹೊರಡುವವರೆಗೂ ಮಾವನಿಗೆ ಪಾಠ. ಎಡಗೈ ಗುಡ್ಡ, ಬಲಗೈ ಹಲಗೆ, ವಾಲಿದ ಕುತ್ತಿಗೆ, ಲೊಚಗುಡುವ ನಾಲಿಗೆ: ಎಲ್ಲ ಅವನದೇ. ಮಾವ ಅದನ್ನು ಕಾರು ಓಡಿಸುತ್ತ, ಕನ್ನಡಿಯಲ್ಲಿ ನೋಡಿ ಕಲಿತರು.

ಕೊನೆಯ ಸಲ ವಿಮಾನ ನಿಲ್ದಾಣಕ್ಕೆ ಹೊರಡುವ ಬೆಳಿಗ್ಗೆ ಎರಡೂ ಜೊತೆ ಹಲಗೆ ಅಂಗಳದಲ್ಲಿದ್ದವು. ಒಂದೇ ಜೊತೆಗೆ ಜಾಗ. “ಯಾವುದು ತಗೊಳ್ಲಿ?” ಎಂದು ಹುಡುಗ ಮಾವನನ್ನು ಕೇಳಿದ. ಮಾವ ಕಿತ್ತಳೆ ಬಣ್ಣದ್ದನ್ನು ತೋರಿಸಿದರು. ಅವನು ಅದನ್ನೇ ತೆಗೆದುಕೊಂಡು ಹೋದ. ಆ ವಾರವೇ ಗುಡ್ಡದ ಹಿಮ ಜಾರಿ ಅವನ ಮೇಲೆ ಬಿತ್ತು.

ಹುಡುಗನನ್ನು ತಂದರು, ಮಣ್ಣು ಮಾಡಿದರು. ಕಿತ್ತಳೆ ಹಲಗೆಗಳು ಆಮೇಲೆ ಬೇರೆಯಾಗಿ ಬಂದವು. ಅವುಗಳ ಮೈಮೇಲೆ ಒಂದು ಗೀರೂ ಇರಲಿಲ್ಲ.

ಬೇಸಿಗೆಯಲ್ಲಿ ಹುಡುಗನ ಅಪ್ಪ, ಮಾವ ‘ಬಾಬಾ’ ಎಂದು ಕರೆಯುವ ಯಜಮಾನರು, ಹೆಂಡತಿಯನ್ನು ಕರೆದುಕೊಂಡು ಕೆಲವು ವಾರ ಹೊರಗೆ ಹೊರಟರು. ಹೊರಡುವ ಮುನ್ನ ಎರಡೂ ಜೊತೆ ಹಲಗೆ ತೋರಿಸಿ, “ಮಾರು, ಕೊಡು, ಏನಾದರೂ ಮಾಡು. ನಾನು ಬರುವಷ್ಟರಲ್ಲಿ ಖಲಾಸ್” ಎಂದರು. ಮಾವ ತಲೆಯಾಡಿಸಿ, ಹಲಗೆಗಳನ್ನು ಮಹಬೂಲಾದ ತಮ್ಮ ಕೋಣೆಗೆ ತಂದರು. ಪುಕ್ಕಟೆ ಜಾಹೀರಾತಿನ ಪತ್ರಿಕೆಯೊಂದರಲ್ಲಿ ನಾನೇ ಇಂಗ್ಲಿಷಿನಲ್ಲಿ ಎರಡು ಸಾಲು ಹಾಕಿಸಿದೆ.

ಮಾವನಿಗೆ ಬೇಕಾಗಿದ್ದದ್ದು ಗಿರಾಕಿಯಲ್ಲ, ತೀರ್ಪು. ಅದು ನನಗೆ ಮೊದಲ ಗಿರಾಕಿ ಬಂದ ದಿನವೇ ಗೊತ್ತಾಯಿತು.

ಅದಕ್ಕೆ ಮೊದಲು ಆ ಕೋಣೆಯನ್ನು ನೀವು ನೋಡಬೇಕು. ಲಿಫ್ಟಿನಲ್ಲಿ ಹಲಗೆ ಹಿಡಿಸದೆ, ಮಾವ ಮತ್ತು ನಾನು ಅವನ್ನು ಹೆಗಲ ಮೇಲಿಟ್ಟು ಮೆಟ್ಟಿಲು ಹತ್ತಿದ್ದೆವು. ಪ್ರತಿ ಮಹಡಿಯಲ್ಲೂ ಒಬ್ಬೊಬ್ಬ ಬಾಗಿಲು ತೆರೆದು, “ಭಾಯಿ, ಮಂಚ ಎಲ್ಲಿಂದ ತಂದೆ?” ಎಂದು ವಿಚಾರಿಸಿದ. ಕೋಣೆಯಲ್ಲಿ ಮಾವನ ಜೊತೆಗಾರ ಒಬ್ಬ ಆಂಧ್ರದ ವೆಲ್ಡರ್. ಪಾಪ, ಒಳ್ಳೆಯ ಮನುಷ್ಯ. ಗೋಡೆಗೆ ಒರಗಿಸಿಟ್ಟ ಕಪ್ಪು ಹಲಗೆಯ ಮೇಲೆ ತನ್ನ ಟವೆಲು ಒಣಗಿಸಿದ. ಮಾವ ಆ ಟವೆಲನ್ನು ತೆಗೆದು, ಮಡಚಿ, ಅವನ ದಿಂಬಿನ ಮೇಲಿಟ್ಟು, ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ವೆಲ್ಡರನೇ ಒದ್ದೆ ಬಟ್ಟೆ ತಂದು ಹಲಗೆಗಳ ಧೂಳು ಒರೆಸಿದ. ಸಂಧಾನವಾಯಿತು.

ಮೊದಲ ಗಿರಾಕಿ ಒಬ್ಬ ಕುವೈತಿ ತರುಣ. ಮಾವ ಅವನಿಗೆ ಪೂರ್ತಿ ಪಾಠ ಒಪ್ಪಿಸಿ, ಕೊನೆಗೆ ಪ್ರಶ್ನೆ ಹಾಕಿದರು. ಆಳವೂ ಉಂಟು, ಇಳಿಜಾರೂ ಉಂಟು. ಯಾವುದು?

“ಕಪ್ಪು,” ಎಂದ ಆ ತರುಣ, ಯೋಚನೆಯನ್ನೂ ಮಾಡದೆ. “ಇಳಿಜಾರಿನಲ್ಲಿ ಆ ಕಿತ್ತಳೆಯನ್ನು ಯಾರು ನಂಬುತ್ತಾರೆ?”

“ಮಾರ್ಲಿಕ್ಕಿಲ್ಲ,” ಎಂದರು ಮಾವ.

“ಮತ್ತೆ ಜಾಹೀರಾತು?”

“ಅದು ತಪ್ಪಿ ಬಿದ್ದದ್ದು.”

ಆ ದಿನ ಮಾವ ಊಟ ಮಾಡಲಿಲ್ಲ. ಅನ್ನ ಬಡಿಸಿಕೊಂಡು, ತಟ್ಟೆಯನ್ನು ಹಾಗೆಯೇ ಮುಚ್ಚಿಟ್ಟರು.

ಎರಡನೆಯವರು ಯಾವುದೋ ಶಾಲೆಯ ಟೀಚರ್, ಹಿಮದ ದೇಶದ ಹೆಂಗಸು. ಆಕೆ ಸಮಾಧಾನದಿಂದ ಕೇಳಿಸಿಕೊಂಡು, “ಹೇಳಲಾಗುವುದಿಲ್ಲ. ಎರಡಕ್ಕೂ ಅದರದರ ಗುಣವಿದೆ” ಎಂದರು. ಅವರು ಹೋದ ಮೇಲೆ ಮಾವ ಗೊಣಗಿದರು, “ಇದನ್ನು ಹೇಳ್ಲಿಕ್ಕೆ ಮೆಟ್ಟಿಲು ಹತ್ತಿ ಬರ್ಬೇಕಾ?”

ನಾನು ಸುಮ್ಮನಿರುವ ಜಾತಿಯವನಲ್ಲ. ಮರುದಿನ ಆಫೀಸಿನ ಫೋನಿನಿಂದ, ಮೀನಾ ಅಲ್ ಅಹ್ಮದಿಯ ತೈಲ ಕಂಪನಿಯ ಬಿಳಿ ಸಾಹೇಬನೊಬ್ಬನ ಸ್ವರ ಮಾಡಿಕೊಂಡು, ಅರ್ಧ ಮೂಗಿನಲ್ಲಿ ಅರ್ಧ ಗಂಟಲಿನಲ್ಲಿ ಮಾವನಿಗೆ ಫೋನು ಮಾಡಿದೆ. ಪಾಠ ಶುರುವಾಯಿತು. ಪೂರ್ತಿ ಕೇಳಿ, “ಆಫ್ ಕೋರ್ಸ್ ಆರೆಂಜ್, ಮೈ ಗುಡ್ ಮ್ಯಾನ್” ಎಂದೆ. “ಆಳದ ಹಿಮದಲ್ಲಿ ಮೊದಲು ತೇಲಬೇಕು. ಉಳಿದದ್ದೆಲ್ಲ ಆಮೇಲೆ.”



“ಥ್ಯಾಂಕ್ಯೂ ಸರ್,” ಎಂದರು ಮಾವ. ಆಮೇಲೆ, “ಸಂಜೆ ಊಟಕ್ಕೆ ಬಾ ಮಾರಾಯ. ಅಂಜಲ್ ಫ್ರೈ ಮಾಡ್ತೇನೆ.”

“ಗೊತ್ತಾಯ್ತಾ ಮಾವ?”

“ಹಲೋ ಅಂದಾಗ್ಲೇ ಗೊತ್ತಾಗಿದೆ. ನಿನ್ನ ವೋಟು ಲೆಕ್ಕಕ್ಕಿಲ್ಲ. ಆದರೂ ಕೇಳ್ಲಿಕ್ಕೆ ಚೆಂದ ಆಯ್ತು.”

ಆ ಸಂಜೆ ಮೀನು ತಿನ್ನುತ್ತ, ಮಾವನ ಎದುರಿಗೇ ಮಾವನ ಪಾಠವನ್ನು ಅಣಕಿಸಿದೆ. ವೆಲ್ಡರ್ ಬಿದ್ದು ಬಿದ್ದು ನಕ್ಕ. ಮಾವ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಎದ್ದು ಬಂದು ನನ್ನ ಎಡ ಮೊಣಕೈಯನ್ನು ಎರಡು ಬೆರಳಿನಿಂದ ಎತ್ತಿದರು. “ಇಷ್ಟು ಮೇಲೆ ಹಿಡಿ. ಅವನು ಇಷ್ಟು ಎತ್ತುತ್ತಿದ್ದ. ನಾಲಿಗೆ ಒಂದೇ ಸಲ, ಎರಡು ಸಲ ಅಲ್ಲ.” ನಾನು ತಿದ್ದಿಕೊಂಡು ಮತ್ತೊಮ್ಮೆ ಮಾಡಿದೆ. “ಹಾಂ,” ಎಂದು ಮಾವ ಕೂತು, ಮುಳ್ಳು ಬಿಡಿಸತೊಡಗಿದರು. ಅವತ್ತಿನಿಂದ ಯಾವ ಹುಟ್ಟುಹಬ್ಬದಲ್ಲೂ ಆ ಐಟಂ ಬಾಯಿಗೆ ಬರಲಿಲ್ಲ. ಜನ ಕೇಳಿದರೆ ಗಂಟಲು ಕೆಟ್ಟಿದೆ ಎಂದೆ.

ಗಿರಾಕಿಗಳಿಂದ ತೀರ್ಪು ಸಿಗದೆ ಮಾವ ಪ್ರಯೋಗಕ್ಕೆ ಇಳಿದರು. ಒಂದು ಶುಕ್ರವಾರ ಬೆಳಿಗ್ಗೆ ಹಲಗೆಗಳನ್ನೂ ನನ್ನನ್ನೂ ಕಾರಿಗೆ ತುಂಬಿ ಮುತ್ಲಾ ಗುಡ್ಡದ ಕಡೆ ಹೊರಟರು. ಅಲ್ಲಿ ಒಂದು ಮರಳಿನ ಇಳಿಜಾರು ಹುಡುಕಿ, ನನ್ನ ಶೂಗಳನ್ನು ಕಾರ್ಗೋ ಹಗ್ಗದಿಂದ ಕಪ್ಪು ಹಲಗೆಗೆ ಬಿಗಿದರು.

“ನೀವೇ ಜಾರಬಹುದಲ್ಲ ಮಾವ?”

“ನಾನು ಜಾರಿದ್ರೆ ನೋಡುದು ಯಾರು?”

ತರ್ಕಕ್ಕೆ ಎದುರು ಮಾತುಂಟೇ? ಜಾರಿದೆ. ಅಂದರೆ ಹಲಗೆ ನಿಂತಲ್ಲೇ ನಿಂತಿತು, ನಾನು ಮಾತ್ರ ಮುಂದಕ್ಕೆ ಹೋಗಿ ಮುಖದಿಂದ ಗುಡ್ಡ ಮುಟ್ಟಿದೆ. ಕಿತ್ತಳೆ ಹಲಗೆಯಲ್ಲಿ ಫಲಿತಾಂಶ ಅದೇ, ಬಾಯಿಗೆ ಹೋದ ಮರಳು ಮಾತ್ರ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಇಳಿದವನು ನಮ್ಮ ವಾಸದ ಪರವಾನಗಿಯ ಇಕಾಮಾ ಕಾರ್ಡುಗಳನ್ನು ನೋಡಿದ, ಹಲಗೆ ನೋಡಿದ, ಹಗ್ಗ ನೋಡಿದ.

“ಹಿಮ ಎಲ್ಲಿ?”

“ಇಲ್ಲ ಸಾರ್,” ಎಂದರು ಮಾವ ವಿನಯದಿಂದ. ಆಮೇಲೆ, ಬೇಡ ಎಂದು ನಾನು ಕಣ್ಸನ್ನೆ ಮಾಡುತ್ತಿದ್ದರೂ, ಆ ಪೊಲೀಸನ ಮುಂದೆ ಎಡಗೈ ಗುಡ್ಡ ಮಾಡಿ, ಬಲಗೈ ಜಾರಿಸಿ, ಪಾಠವಿಡೀ ಒಪ್ಪಿಸಿ, ಅದೇ ಪ್ರಶ್ನೆ ಕೇಳಿದರು. ಪೊಲೀಸ್ ಕಪ್ಪು ಕನ್ನಡಕ ತೆಗೆದು ಮಾವನ ಮುಖವನ್ನು ನೋಡಿದ. ಅವನಿಗೆ ಏನು ಕಂಡಿತೋ.

“ಹಾಜಿ, ಎರಡೂ ಬೇಡ,” ಎಂದು ಮೆತ್ತಗೆ ಹೇಳಿದ. “ಬಿಸಿಲು ಏರುತ್ತಿದೆ. ಯಲ್ಲಾ, ಮನೆಗೆ ಹೋಗಿ.”

ಹಿಂದಿರುಗುವಾಗ ನನ್ನನ್ನು ಬಿಡಲು ಹೊರಟ ಮಾವ ಫಹಾಹೀಲಿನ ತಿರುವಿನ ಹತ್ತಿರ, “ಎರಡೂ ಬೇಡ ಅನ್ನಬಹುದಿತ್ತು ನಾನು. ನನಗೆ ಹೊಳೀಲೇ ಇಲ್ಲ ನೋಡು” ಎಂದರು.  

ಬೇಸಿಗೆ ಮುಗಿಯಿತು, ಯಜಮಾನರು ಬಂದರು. ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಕೇಳಿದರಂತೆ: “ಮಾರಿದೆಯಾ?” ಮಾವನಿಗೆ ಸುಳ್ಳು ಬರುವುದಿಲ್ಲ. “ಇಲ್ಲ ಬಾಬಾ. ಸರಿಯಾದ ಗಿರಾಕಿ ಬರಲಿಲ್ಲ.” ಅವರು ಮರುಮಾತಾಡಲಿಲ್ಲ. ಅದೇ ಮಾವನಿಗೆ ಭಯ. “ಖಲಾಸ್ ಮಾರಾಯ, ಊರಿಗೆ ನನ್ನ ಟಿಕೆಟ್ ಮಾಡಿಸ್ತಾರೆ” ಎಂದು ನನಗೆ ಫೋನು ಮಾಡಿದರು. ನಾನು ಆ ಶುಕ್ರವಾರ ಮಧ್ಯಾಹ್ನ ಸಮಾಧಾನ ಹೇಳಲು ಹೋಗಿ ಕೂತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ, ಬಿಳಿ ದಿಶ್‌ದಾಶ ನಿಲುವಂಗಿ ತೊಟ್ಟ ಯಜಮಾನರೇ ನಿಂತಿದ್ದಾರೆ, ಒಬ್ಬರೇ, ಏದುಸಿರು ಬಿಡುತ್ತ. ಲಿಫ್ಟು ಆ ದಿನ ಕೆಟ್ಟಿತ್ತು.

ಆ ಕೋಣೆಗೆ ಅವರು ಬಂದದ್ದು ಅದೇ ಮೊದಲು. ಮಾವನ ಮಂಚದ ಮೇಲೆ ಕೂತು ಹಲಗೆಗಳನ್ನು ನೋಡಿದರು. ಮಾವ ಕೈಕಟ್ಟಿ ನಿಂತು, ಕೇಳುವ ಮೊದಲೇ ಹೇಳಿಬಿಟ್ಟರು. “ಬಾಬಾ, ಅವತ್ತು ಯಾವುದು ಅಂತ ನನ್ನನ್ನು ಕೇಳಿದ. ಕಿತ್ತಳೆ ಅಂತ ಹೇಳಿದ್ದು ನಾನು.”

ಫ್ರಿಜ್ಜಿನ ಮೋಟಾರು ಗುರುಗುಟ್ಟಿ ನಿಂತಿತು.

“ನನ್ನನ್ನೂ ಕೇಳಿದ್ದ,” ಎಂದರು ಯಜಮಾನರು, ತಮ್ಮ ಹರುಕುಮುರುಕು ಹಿಂದಿಯಲ್ಲಿ. “ನಿನ್ನನ್ನು ಕೇಳುವ ಮೊದಲು. ನಾನು ಫೋನಿನಲ್ಲಿದ್ದೆ. ಕೈಯಲ್ಲಿ ಹೀಗೆ ಮಾಡಿದೆ, ಆಮೇಲೆ ಅಂತ.” ಹೇಳುತ್ತ ಆ ಕೈಯನ್ನು ಒಮ್ಮೆ ಬೀಸಿ ತೋರಿಸಿದರು. “ನೀನಾದರೂ ಅವನಿಗೆ ಒಂದು ಉತ್ತರ ಕೊಟ್ಟೆ.”

ಮಾವ ಕಟ್ಟಿದ ಕೈ ಬಿಟ್ಟರು.

“ಅವನು ಏನು ಕೇಳುತ್ತಿದ್ದ?” ಎಂದರು ಯಜಮಾನರು. “ಎರಡಕ್ಕೂ ಏನು ವ್ಯತ್ಯಾಸ? ನನಗೆ ಹೇಳು. ನನಗೆ ಗೊತ್ತಿಲ್ಲ.”

ಮಾವ ಹೇಳಿದರು. ಎಡಗೈ ಎದ್ದಿತು, ಕುತ್ತಿಗೆ ವಾಲಿತು, ನಾಲಿಗೆ ಒಂದೇ ಸಲ ಲೊಚಗುಟ್ಟಿತು. ಯಜಮಾನರು ಆ ಕೈಯನ್ನೇ ನೋಡುತ್ತಿದ್ದರು. ಹಲಗೆಗಳ ಕಡೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಮುಗಿದ ಮೇಲೆ ಇನ್ನೊಮ್ಮೆ ಹೇಳಿಸಿದರು. ಆಮೇಲೆ ಎದ್ದು, “ಇದರ ಮೇಲೆ ನಿಲ್ಲುವುದು ಹೇಗೆ?” ಎಂದು ಕೇಳಿದರು.

ಎರಡು ಮಂಚಗಳ ನಡುವೆ ಕಿತ್ತಳೆ ಹಲಗೆಗಳನ್ನು ಇಟ್ಟೆವು. ಅವರು ಚಪ್ಪಲಿ ಕಳಚಿ, ಬರಿಗಾಲಲ್ಲಿ ಹತ್ತಿದರು. ಮಾವ ಮುಂದೆ ನಿಂತು ಅವರ ಎರಡೂ ಕೈ ಹಿಡಿದುಕೊಂಡರು. ಅವರು ತಮ್ಮ ಪಾದಗಳನ್ನೇ ನೋಡುತ್ತ ಸ್ವಲ್ಪ ತೂಗಾಡಿದರು.

“ಕೆಳಗೆ ನೋಡಬೇಡಿ ಬಾಬಾ,” ಎಂದರು ಮಾವ. “ಕೆಳಗೆ ನೋಡಿದರೆ ಬೀಳುತ್ತಾರಂತೆ. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ನೋಡಬೇಕಂತೆ.”

ಅವರು ತಲೆಯೆತ್ತಿದರು. ಎದುರಿಗೆ, ಮಾವನ ಬೆನ್ನ ಹಿಂದೆಯೇ, ಬಣ್ಣ ಎದ್ದ ಗೋಡೆ. ಅದನ್ನು ಬಹಳ ದೂರದ್ದೆಂಬಂತೆ ನೋಡುತ್ತ, ಮೊಣಕಾಲನ್ನು ಸ್ವಲ್ಪ ಬಗ್ಗಿಸಿದರು. ಮಾವನೂ ಬಗ್ಗಿಸಿದರು.