ಕಾರಹುಣ್ಣಿಮೆ ಮರುದಿನ ಬಿತ್ತಿದ ಬೆಂಡೆ

ತಾರೀಖು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ನಿಲ್ಲಬೇಕೆಂದು ನಾನೂ ಹಟ ಮಾಡಿಲ್ಲ. ನನ್ನ ಮಗ ಹುಟ್ಟಿದ್ದು ಗಣಪತಿ ಕಳಿಸಿದ ಮೂರನೇ ದಿನ. ಸಾಲಿಗೆ ಹಚ್ಚುವಾಗ ಮಾಸ್ತರು ತಮಗೆ ತಿಳಿದ ತಾರೀಖು ಬರೆದುಕೊಂಡರು. ಅದರಿಂದ ಅವನಿಗೆ ನೌಕರಿ ಸಿಕ್ಕಿತು, ಹೆಂಡತಿಯೂ ಸಿಕ್ಕಳು, ಯಾರಿಗೂ ಏನೂ ಆಗಲಿಲ್ಲ. ಬೆಂಡೆ ಹೂವಿಗೆ ಕ್ರಾಸಿಂಗ್ ಮಾಡುವ ಕೂಲಿಗೆ ಹೋಗುತ್ತಿದ್ದಾಗಲೂ ಅಷ್ಟೆ. ಸಂಜೆ ಮೊಗ್ಗು ಬಿಡಿಸಿ ಅದರೊಳಗಿನ ಗಂಡು ಕೇಸರ ತೆಗೆದು, ಬೆಳಿಗ್ಗೆ ಗಂಡು ಹೂವಿನ ಪುಡಿ ಸವರಿ, ದಿನಕ್ಕೊಂದು ಬಣ್ಣದ ದಾರ ಕಟ್ಟುತ್ತಿದ್ದೆವು. ಕೆಂಪು ದಾರ ಯಾವತ್ತಿನದೆಂದು ನಮಗೆ ಗೊತ್ತಿತ್ತು, ತಾರೀಖು ಕೇಳಿದವರೇ ಇಲ್ಲ.

ಈಗ ಕೇಳುವವಳು ಮನೆಯಲ್ಲೇ ಇದ್ದಾಳೆ. ಸೊಸೆ ರೇಣುಕಾ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕಂಪ್ಯೂಟರ್ ನೋಡುತ್ತಾಳೆ. ಬೀಜ ಬೆಳೆಯುವ ರೈತರು ಬಿತ್ತಿದ ದಿನವನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಆ ಲೆಕ್ಕದ ಮೇಲೆ, ಹೂವಿನ ಹೊತ್ತಿಗೆ ಸರಿಯಾಗಿ ಕಂಪನಿಯ ಸಾಹೇಬರು ಹೊಲ ನೋಡಲು ಬರುತ್ತಾರೆ. ಅವರು ನೋಡದ ಹೊಲದ ಬೀಜವನ್ನು ಕಂಪನಿ ಮುಟ್ಟುವುದಿಲ್ಲ. ಹಾವೇರಿ ಕಡೆಯವರೊಬ್ಬರು 5-7 ಎಂದು ಬರೆದರೆ, ಬ್ಯಾಡಗಿಯವರು ‘ಜುಲೈ 5’ ಅನ್ನುತ್ತಾರೆ, ಮತ್ತೊಬ್ಬರು ವರ್ಷವನ್ನೇ ಮುಂದೆ ಹಾಕುತ್ತಾರೆ. ಟೈಪು ಮಾಡುವವರು ಇದ್ದದ್ದನ್ನು ಇದ್ದ ಹಾಗೆ ಒತ್ತಿಬಿಟ್ಟಿದ್ದಾರೆ. ಕಂಪ್ಯೂಟರಿಗೆ ಅವು ತಾರೀಖಲ್ಲ, ಬರೀ ಅಕ್ಷರ. ಅದಕ್ಕೇ ಹತ್ತನೇ ತಾರೀಖನ್ನು ಎರಡನೇ ತಾರೀಖಿನ ಮುಂದೆ ತಂದು ನಿಲ್ಲಿಸಿತ್ತು.

ಶನಿವಾರ ಮಧ್ಯಾಹ್ನ ರೇಣುಕಾ ಮನೆಯಲ್ಲೇ ಕೂತು, ಅಕ್ಷರವನ್ನೆಲ್ಲ ತಾರೀಖು ಮಾಡುವ ಕ್ವೇರಿ ಬರೆಯುತ್ತಿದ್ದಳು. ಕ್ವೇರಿ ಎಂದರೆ ಕಂಪ್ಯೂಟರಿಗೆ ಕೇಳುವ ಪ್ರಶ್ನೆಯಂತೆ. ಸೋಮವಾರ ಸಾಹೇಬರು ಪಟ್ಟಿ ಹಿಡಿದು ಹೊರಡುವವರಿದ್ದರು. ಕಂಪ್ಯೂಟರ್ ನಡುವೆಯೇ ನಿಂತು ಕೆಂಪು ಅಕ್ಷರದಲ್ಲಿ ಬೈಯುತ್ತಿತ್ತು.

“ಒಂದ ಸಾಲು ತಾರೀಖ ಆಗಲಿಕ್ಕೆ ಒಲ್ಲೆ ಅಂದ್ರ ಇಡೀ ಪಟ್ಟಿನ ನಿಲ್ಲತೈತ್ರಿ ಅತ್ತಿ” ಎಂದಳು. ಆಮೇಲೆ ಏನೋ ಒತ್ತಿ, “ಆಗಲಾರದ್ದನ್ನ ಖಾಲಿ ಬಿಡು ಅಂತ ಹೇಳೇನ್ರಿ. ಈಗ ಲಗೂ ಬಂತ ನೋಡ್ರಿ” ಎಂದು ಹಿಗ್ಗಿದಳು.

ನಾನು ಕನ್ನಡಕ ಹಾಕಿಕೊಂಡು ಹೆಸರು ಹುಡುಕಿದೆ.

“ಕರ್ಜಗಿ ಗೌರವ್ವ ಎಲ್ಲಿ ಅದಾಳ?”

ಗೌರವ್ವ ನನ್ನ ಜೊತೆ ಇಪ್ಪತ್ತು ವರ್ಷ ದಾರ ಕಟ್ಟಿದವಳು. ಈ ಸಲ ಮೊದಲ ಬಾರಿಗೆ ತನ್ನದೇ ಅರ್ಧ ಎಕರೆಯಲ್ಲಿ ಕಂಪನಿಗೆ ಬೆಂಡೆ ಹಾಕಿದ್ದಳು. ಪಟ್ಟಿಯಲ್ಲಿ ಅವಳಿರಲಿಲ್ಲ. ರೇಣುಕಾ ಒಳಗೆ ಕೆದಕಿ ನೋಡಿದಳು. ತಾರೀಖಿನ ಜಾಗದಲ್ಲಿ ‘ಕಾರಹುಣ್ಣಿಮೆ ಮರುದಿನ’ ಎಂದಿತ್ತು. ಅದನ್ನೇ ಕಂಪ್ಯೂಟರ್ ಖಾಲಿ ಮಾಡಿ, ಹೊಲವನ್ನೇ ಪಟ್ಟಿಯಿಂದ ಕೈಬಿಟ್ಟಿತ್ತು.

“ಯಾವ ಶಾಣ್ಯಾ ಬರದಾನ್ರಿ ಇದನ್ನ!”

ನಾನು ಫ್ಯಾನು ನೋಡಿದೆ. ಅದರ ಮೇಲೆ ಬಹಳ ಧೂಳಿತ್ತು.

“ಆಕಿ ಚೀಟಿ ನಾನ ಬರದೇನಿ. ಆಕಿ ಹಂಗ ಹೇಳಿದ್ಲು. ಖರೇ ಐತಿ ಮತ್ತ, ಅವತ್ತ ಬಿತ್ಯಾಳ.”

ರೇಣುಕಾ ನಗಲಿಲ್ಲ. ಒಳ್ಳೆಯ ಹುಡುಗಿ, ಅಡುಗೆಮನೆಗೆ ಹೋಗಿ ನಕ್ಕು ಬಂದಳು. ಗೋಡೆಯ ಕ್ಯಾಲೆಂಡರ್ ತೆಗೆದು ಹುಣ್ಣಿಮೆ ಹುಡುಕಿ, ಮರುದಿನದ ತಾರೀಖು ಹಾಕಿದಳು. ಗೌರವ್ವ ಎಂಟನೇ ಸಾಲಿನಲ್ಲಿ ಬಂದು ಕೂತಳು.

“ಇನ್ನ ಎಷ್ಟ ಮಂದಿ ಖಾಲಿ ಬಿದ್ದಾರ?” ಎಂದೆ.

ಹನ್ನೊಂದು ಜನ ಇದ್ದರು. ಒಬ್ಬೊಬ್ಬರಿಗೂ ಫೋನು ಹಚ್ಚಿ ಕೇಳಿದೆವು. ಬ್ಯಾಡಗಿ ಕಡೆಯ ಒಬ್ಬಾತ ಮೃಗಶಿರ ಮಳೆಯ ಲೆಕ್ಕ ಹಿಡಿದು ‘ಮಿರಗದ ಮಳಿ ಆದ ಮೂರನೇ ದಿನ’ ಎಂದು ಬರೆದಿದ್ದ. ತಾರೀಖು ಕೇಳಿದರೆ, “ನನಗೇನ ಗೊತ್ತಬೇ, ಮಳಿಗೆ ಕೇಳು” ಅಂದ. ಕೊನೆಗೆ ಅವನ ಹೆಂಡತಿ ಬೀಜದ ಚೀಲದ ರಸೀದಿ ನೋಡಿ ಹೇಳಿದಳು. ಸಂಜೆಗೆ ಹನ್ನೊಂದೂ ಭರ್ತಿಯಾದವು.

ಸೋಮವಾರ ಗೌರವ್ವನ ಫೋನು ಬಂತು. “ಬಂದಿದ್ರವಾ. ಹೂವ ನೋಡಿ, ದಾರ ಎಣಿಸಿ, ಸಹಿ ಮಾಡಿ ಹೋದ್ರು. ನಿನ್ನ ಸೊಸಿ ಇಲ್ಲಂದ್ರ ನೀ ನನ್ನ ಮುಳಗಸ್ತಿದ್ದಿ ನೋಡು!” ಮಾತು ಖರೇ ಇದ್ದಾಗ ಜಗಳಕ್ಕೆ ರುಚಿ ಇರುವುದಿಲ್ಲ.

ಮರುವಾರ ರೇಣುಕಾ ಹೊಸ ಚೀಟಿ ತಂದು ತೋರಿಸಿದಳು. ದಿನ, ತಿಂಗಳು, ವರ್ಷಕ್ಕೆ ಬೇರೆ ಬೇರೆ ಚೌಕ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ‘ಹಬ್ಬ, ಹುಣ್ಣಿಮೆ, ಮಳೆಯ ಹೆಸರು ಬರೆಯಬಾರದು’. ಇದು ಯಾರ ಸಲುವಾಗಿ ಎಂದು ಆಫೀಸಿನಲ್ಲಿ ಎಲ್ಲರೂ ಕೇಳಿದರಂತೆ, ಅವಳು ಹೇಳಲಿಲ್ಲವಂತೆ. ಎರಡನೇ ಇಯತ್ತೆ ಓದಿದ ಮುದುಕಿಯ ಸಲುವಾಗಿ ಒಂದು ಕಂಪನಿ ಕಾಯ್ದೆ ಮಾಡಿತೆಂದರೆ ಸಣ್ಣ ಮಾತಲ್ಲ. ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದೆ. ಅಮಾವಾಸ್ಯೆಯ ಬಗ್ಗೆ ಏನೂ ಬರೆದಿರಲಿಲ್ಲ.